ತಾಳಿ ಲಾಕರಿನಲ್ಲಿ, ಕಿವಿಯಲ್ಲಿ ಉರಿ: ಕೆಲಸಕ್ಕೆ ಏನು ಹಾಕಿಕೊಂಡು ಹೋಗಲಿ?

ಪ್ರಶ್ನೆ: ನಾನು ಮಂಡ್ಯ ಹತ್ತಿರದ ಹಳ್ಳಿಯವಳು, ವಯಸ್ಸು 27. ಮದುವೆಯಾಗಿ ಎಂಟು ತಿಂಗಳಾಯಿತು, ಈಗ ಮೈಸೂರಿನಲ್ಲಿದ್ದೇವೆ. ನಂಜನಗೂಡಿನ ಒಂದು ಔಷಧಿ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ವಾರದಲ್ಲಿ ಮೂರು ದಿನ ಪ್ಲಾಂಟ್ ಒಳಗೆ, ಉಳಿದ ದಿನ ಆಫೀಸಿನಲ್ಲಿ. ಆಗಾಗ ಹೊರಗಿನಿಂದ ಆಡಿಟ್‌ಗೆ ಬಂದವರ ಜೊತೆ ಮೀಟಿಂಗ್ ಇರುತ್ತದೆ. ಪ್ಲಾಂಟ್ ಒಳಗೆ ಹೋಗುವಾಗ ತಾಳಿ, ಬಳೆ, ಓಲೆ ಎಲ್ಲ ತೆಗೆಯಲೇಬೇಕು. ಅತ್ತೆಗೆ ಇದು ಸರಿಬರುತ್ತಿಲ್ಲ, "ದಿನಾ ಬಿಚ್ಚಿ ಹಾಕೋದು ಒಳ್ಳೇದಲ್ಲ" ಅನ್ನುತ್ತಾರೆ. ಹೀಗೆ ತೆಗೆದಿಡುವಾಗ ಚಿನ್ನದ ಓಲೆಯ ಒಂದು ತಿರುಪು ಕಳೆದುಹೋಯಿತು. ಆಮೇಲೆ ಭಯವಾಗಿ ಒಂದು ಗ್ರಾಂ ಚಿನ್ನದ ಓಲೆ, ಸರ ತಗೊಂಡೆ. ಎರಡೇ ವಾರಕ್ಕೆ ಕಿವಿಯಲ್ಲಿ ನೀರು ಸೋರತೊಡಗಿತು, ಕುತ್ತಿಗೆ ಹಿಂದೆ ನವೆ. ಇದರ ಮೇಲೆ ನಮ್ಮ ಮೇಲಧಿಕಾರಿ, ಮೀಟಿಂಗಿಗೆ ಗಾಜಿನ ಬಳೆ ಹಾಕಿಕೊಂಡು ಬರುವುದು ಪ್ರೊಫೆಷನಲ್ ಅಲ್ಲ ಎಂದರು. ಅಮ್ಮ ಕೊಟ್ಟ ಹಳೇ ಜುಮಕಿ ಇದೆ. ಅದನ್ನು ಕರಗಿಸಿ 18 ಕ್ಯಾರೆಟ್ಟಿನದೋ ವೈಟ್ ಗೋಲ್ಡಿನದೋ ಸಣ್ಣ ಸೆಟ್ ಮಾಡಿಸಿಕೊಳ್ಳಲೇ? ಜಾಸ್ತಿ ದುಡ್ಡು ಹಾಕುವ ಸ್ಥಿತಿ ಇಲ್ಲ.

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಮ್ಮನ ಜುಮಕಿ ಕರಗಿಸಬೇಡಿ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಅಶೋಕ ರಸ್ತೆಯ ಹಿಂದಿನ ಒಂದು ಓಣಿಯಲ್ಲಿ ನಮ್ಮದು ಮೂರು ತಲೆಮಾರಿನ ಚಿನ್ನದ ಕೆಲಸ. ಅಪ್ಪನ ಪಕ್ಕ ಕೂತು ಊದುಗೊಳವೆ ಹಿಡಿದು ಕಲಿತವಳು ನಾನು. ನಮ್ಮಲ್ಲಿಗೆ ಸಿಕ್ಕು ಬಿದ್ದ ಸರ ತರುತ್ತಾರಲ್ಲ, ಅದನ್ನು ಎಳೆದರೆ ಇನ್ನೂ ಬಿಗಿಯಾಗುತ್ತದೆ. ಸೂಜಿಮೊನೆಯಲ್ಲಿ ಒಂದೊಂದೇ ಕೊಂಡಿ ಸಡಿಲ ಮಾಡಬೇಕು. ನಿಮ್ಮ ಪತ್ರವೂ ಹಾಗೇ ಇದೆ. ಕಾರ್ಖಾನೆಯ ನಿಯಮ, ಅತ್ತೆಯ ಭಯ, ಕಿವಿಯ ನೋವು, ಮೇಲಧಿಕಾರಿಯ ಮಾತು ಎಲ್ಲ ಒಂದೇ ಗಂಟಾಗಿದೆ. ನಿಜಕ್ಕೂ ಇವು ನಾಲ್ಕು ಬೇರೆ ಬೇರೆ ವಿಷಯ. ಹೊಸ ಸೆಟ್ ಮಾಡಿಸಿದರೆ ಇವುಗಳಲ್ಲಿ ಒಂದೂ ಬಗೆಹರಿಯುವುದಿಲ್ಲ.

ಕಿವಿಯಿಂದ ಶುರು ಮಾಡೋಣ, ಈಗ ನೋಯುತ್ತಿರುವುದು ಅದೇ ಅಲ್ವಾ.

ಒಂದು ಗ್ರಾಂ ಚಿನ್ನ ಅಂದರೆ ಅದರೊಳಗೆ ಒಂದು ಗ್ರಾಂ ಚಿನ್ನ ಇರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಒಳಗಿರುವುದು ಹಿತ್ತಾಳೆ ಅಥವಾ ತಾಮ್ರ, ಮೇಲೆ ಚಿನ್ನದ ತೆಳು ಲೇಪ. ಲೇಪ ಚೆನ್ನಾಗಿ ಕೂರಲಿ, ಹೊಳೆಯಲಿ ಅಂತ ನಡುವೆ ನಿಕಲ್ ಅನ್ನುವ ಲೋಹದ ಒಂದು ಪದರ ಕೊಡುವುದು ಈ ಕಸುಬಿನಲ್ಲಿ ಮಾಮೂಲು. ಕಿವಿಯ ತೂತಿನಲ್ಲಿ ಬೆವರು ನಿಲ್ಲುತ್ತದೆ, ಓಲೆಯ ಕಡ್ಡಿ ಅಲ್ಲೇ ಉಜ್ಜುತ್ತಿರುತ್ತದೆ. ಲೇಪ ಸವೆದ ಕಡೆ ಬೆವರು ನಿಕಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಚರ್ಮಕ್ಕೆ ಇಳಿಸುತ್ತದೆ. ನಿಕಲ್ ಆಗದ ಮೈಗೆ ಅಷ್ಟು ಸಾಕು. ತಕ್ಷಣ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ನವೆ, ಗುಳ್ಳೆ, ಆಮೇಲೆ ನೀರು. ಹಾಗಾಗಿಯೇ ಜನ ಓಲೆ ಬಿಟ್ಟು ಹೊಸ ಸೋಪಿಗೋ ಊಟಕ್ಕೋ ಬೈಯುತ್ತಾರೆ.

"ಇವಳದು ಚಿನ್ನದ ಮೈ, ಬೇರೆ ಏನೂ ಆಗಲ್ಲ" ಅಂತ ಹೆಮ್ಮೆಯಿಂದ ಹೇಳುವ ತಾಯಂದಿರನ್ನು ತುಂಬ ನೋಡಿದ್ದೇನೆ. ಅದು ಹೆಮ್ಮೆಯ ವಿಷಯವೂ ಅಲ್ಲ, ಮೈ ನಾಜೂಕು ಅಂತಲೂ ಅಲ್ಲ. ಅದು ನಿಕಲ್ ಅಲರ್ಜಿ. ವರ್ಷಗಟ್ಟಲೆ ಏನೂ ಆಗದೆ ಇದ್ದು ಒಂದು ದಿನ ಶುರುವಾಗಬಹುದು. ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನವಿಡೀ ಇರುತ್ತದೆ. ಯುರೋಪಿನಲ್ಲಿ ಇದು ಎಷ್ಟು ದೊಡ್ಡ ಕಾಟವಾಗಿತ್ತೆಂದರೆ, ಮೈಗೆ ತಾಗುವ ಆಭರಣದಿಂದ ಎಷ್ಟು ನಿಕಲ್ ಹೊರಬರಬಹುದು ಅನ್ನುವುದಕ್ಕೆ 1994ರಲ್ಲೇ ನಿಯಮ ಮಾಡಿ ಮಿತಿ ಹಾಕಿದರು.

ಮನೆಯಲ್ಲೇ ಒಂದು ಸುಳಿವು ನೋಡಿಕೊಳ್ಳಿ. ಜೀನ್ಸ್ ಗುಂಡಿ ತಾಗುವ ಕಡೆ, ಹೊಕ್ಕುಳ ಕೆಳಗೆ, ಚರ್ಮ ಒರಟಾಗಿ ಕಪ್ಪಾಗಿದೆಯಾ? ವಾಚಿನ ಹಿಂಭಾಗ ಕೂರುವ ಕಡೆ ನವೆ ಇದೆಯಾ? ಇದ್ದರೆ ನನ್ನ ಅನುಮಾನ ಮುಕ್ಕಾಲು ಪಾಲು ನಿಜ. ಆದರೂ ನಾನು ಡಾಕ್ಟರಲ್ಲ. ಚರ್ಮದ ಡಾಕ್ಟರಿಗೆ ತೋರಿಸಿ. ಪ್ಯಾಚ್ ಟೆಸ್ಟ್ ಅಂತ ಮಾಡುತ್ತಾರೆ, ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಆಮೇಲೆ ಇನ್ನೊಂದು ಸಲ ನೋಡುತ್ತಾರೆ. ಅಲ್ಲಿಯವರೆಗೆ ಕಿವಿಗೆ ಏನೂ ಬೇಡ. ತೂತು ಮುಚ್ಚಿಹೋಗುತ್ತೆ ಅಂತ ಬೇವಿನ ಕಡ್ಡಿ ಸಿಕ್ಕಿಸಿಕೊಳ್ಳಬೇಡಿ. ಚಿಕ್ಕಂದಿನಲ್ಲಿ ಚುಚ್ಚಿಸಿದ ತೂತು ಹದಿನೈದು ದಿನಕ್ಕೆಲ್ಲ ಮುಚ್ಚುವುದಿಲ್ಲ. ಕಡ್ಡಿಗೆ ನೇಲ್ ಪಾಲಿಶ್ ಬಳಿದರೆ ಆಯಿತು ಅಂತ ಯಾರಾದರೂ ಹೇಳಿರಬಹುದು. ನಾಲ್ಕು ದಿನ ನಡೆಯುತ್ತದೆ, ಆಮೇಲೆ ತೂತಿನೊಳಗೇ ಸುಲಿದು ಕೂರುತ್ತದೆ. ಇನ್ನು ಜಾತ್ರೆಗಳಲ್ಲಿ ಸಿಗುವ ಜರ್ಮನ್ ಸಿಲ್ವರ್ ಕಡೆ ತಿರುಗಿಯೂ ನೋಡಬೇಡಿ. ಹೆಸರಿನಲ್ಲಿ ಬೆಳ್ಳಿ ಇದೆ, ಒಡವೆಯಲ್ಲಿ ಇಲ್ಲ. ಅದು ತಾಮ್ರ, ಸತು ಮತ್ತು ಅದೇ ನಿಕಲ್.

ಹಾಗಾದರೆ ವೈಟ್ ಗೋಲ್ಡ್? ನಿಮ್ಮ ಮಟ್ಟಿಗೆ ಅದೇ ಎಲ್ಲಕ್ಕಿಂತ ಅಪಾಯದ ಆಯ್ಕೆ. ಹಳದಿ ಚಿನ್ನ ತಾನಾಗಿ ಬೆಳ್ಳಗಾಗುವುದಿಲ್ಲ. ಬಿಳಿ ಬರಬೇಕೆಂದರೆ ನಿಕಲ್ ಅಥವಾ ಪಲ್ಲಾಡಿಯಂ ಬೆರೆಸಬೇಕು. ಮೇಲೆ ರೋಡಿಯಂ ಲೇಪ ಕೊಟ್ಟಿರುತ್ತಾರೆ, ಹೊಸದರಲ್ಲಿ ಕನ್ನಡಿ ಹಾಗೆ ಹೊಳೆಯುತ್ತದೆ. ದಿನಾ ಹಾಕಿದರೆ ಆ ಲೇಪ ಸವೆಯುತ್ತದೆ, ಒಳಗಿನದು ಚರ್ಮಕ್ಕೆ ತಾಗುತ್ತದೆ. ಒಳಗೆ ನಿಕಲ್ ಇದ್ದರೆ ಮತ್ತೆ ಇದೇ ಕಥೆ. ಪಲ್ಲಾಡಿಯಂ ಬೆರೆಸಿದ್ದು ಅಂತ ಬಿಲ್ಲಿನಲ್ಲಿ ಬರೆದುಕೊಟ್ಟರೆ ಮಾತ್ರ ಯೋಚಿಸಿ.

18 ಕ್ಯಾರೆಟ್ ಬಗ್ಗೆ ಎರಡು ಕಡೆಯ ತಪ್ಪು ನಂಬಿಕೆ ಇದೆ. ಹಿರಿಯರು ಅದು ನಕಲಿ ಅನ್ನುತ್ತಾರೆ. ಹುಡುಗಿಯರು ಅದೇ ಆಫೀಸಿಗೆ ಸರಿ, 22 ಹಳೇ ಫ್ಯಾಷನ್ ಅನ್ನುತ್ತಾರೆ. ಲೆಕ್ಕ ಇಷ್ಟೇ. 22 ಕ್ಯಾರೆಟ್ ಅಂದರೆ ಸಾವಿರಕ್ಕೆ 916 ಪಾಲು ಚಿನ್ನ, 18 ಅಂದರೆ 750 ಪಾಲು. ಎರಡೂ ಅಸಲಿಯೇ. 22 ಮೆತ್ತಗಿರುತ್ತದೆ, ತೆಳು ಸರ ಎಳೆದರೆ ಹಿಗ್ಗುತ್ತದೆ, ತಿರುಪಿನ ಹಲ್ಲು ಬೇಗ ಸವೆಯುತ್ತದೆ. 18 ಗಟ್ಟಿ, ಕಲ್ಲು ಹಿಡಿಯುವುದಕ್ಕೆ ವಾಸಿ. ಆದರೆ ಉಳಿದ 250 ಪಾಲಿನಲ್ಲಿ ಏನು ಬೆರೆಸಿದ್ದಾರೆ ಅನ್ನುವುದು ನಿಮ್ಮಂಥವರಿಗೆ ಮುಖ್ಯವಾಗುತ್ತದೆ. ಹಳದಿ ಚಿನ್ನವಾದರೆ ಹೆಚ್ಚಾಗಿ ಬೆಳ್ಳಿ, ತಾಮ್ರ. ಆದರೂ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಅತ್ತೆಯ ಕಾಲದವರು "ಕೆಡಿಎಂ ಇದೆಯಾ ನೋಡು" ಅನ್ನಬಹುದು. ಕೆಡಿಎಂ ಶುದ್ಧತೆಯ ಗುರುತೇ ಅಲ್ಲ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆ. ಅದರ ಹೊಗೆ ಬೆಸೆಯುವವರ ಶ್ವಾಸಕೋಶಕ್ಕೆ ವಿಷ. ಈಗ ನೋಡಬೇಕಾದದ್ದು ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಮುದ್ರೆ, 22ಕೆ916 ಅಂಥ ಅಂಕಿ, ಮತ್ತು ಒಡವೆಗೊಂದರಂತೆ ಕೊಡುವ, ಅಕ್ಷರ-ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಈ ಆರು ಸ್ಥಾನದ ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಬರುತ್ತದೆ. ಒಂದು ಕಿಂಡಿ ಇದೆ, ನೀವು ಗಮನಿಸಿ: ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಆಫೀಸಿಗೆ ಅಂತ ತಗೊಳ್ಳುವ ಬೊಟ್ಟಿನಂಥ ಓಲೆ, ಮೂಗುಬೊಟ್ಟು ಎಲ್ಲ ಈ ಗುಂಪಿನಲ್ಲೇ ಬರುತ್ತವೆ. ಅದಕ್ಕೆ ಬಿಲ್ಲು ಬಿಡಬೇಡಿ. ತಿರುಪೂ ಅದೇ ಚಿನ್ನದ್ದಾ ಅಂತ ಕೇಳಿ ತಗೊಳ್ಳಿ.

ಈಗ ಕಾರ್ಖಾನೆ.

ನಿಯಮ ನಿಮ್ಮ ಮೇಲಿನ ಸಿಟ್ಟಿಗೆ ಮಾಡಿದ್ದಲ್ಲ ಅಂತ ನಿಮಗೆ ಗೊತ್ತೇ ಇದೆ, ಕ್ವಾಲಿಟಿಯಲ್ಲೇ ಇದ್ದೀರಿ. ಆದರೆ ಮನೆಯವರಿಗೆ ಹೇಳಲು ಇದು ಬೇಕಾಗುತ್ತದೆ. ಉಂಗುರದ ಕೆಳಗೆ ಸೋಪು, ಬೆವರು, ಸತ್ತ ಚರ್ಮ ಸೇರಿಕೊಳ್ಳುತ್ತದೆ. ಎಷ್ಟು ಕೈ ತೊಳೆದರೂ ಅಲ್ಲಿ ಪೂರ್ತಿ ಹೋಗುವುದಿಲ್ಲ. ಹತ್ತು ವರ್ಷ ಬಿಚ್ಚದ ಉಂಗುರವನ್ನು ನಮ್ಮಲ್ಲಿ ಪಾಲಿಶಿಗೆ ಕೊಟ್ಟಾಗ ಒಳಬದಿಯನ್ನು ಒಮ್ಮೆ ಭೂತಗನ್ನಡಿಯಲ್ಲಿ ತೋರಿಸುತ್ತೇನೆ. ಆಮೇಲೆ ಅವರು ಅದರಲ್ಲೇ ಹಿಟ್ಟು ಕಲಸುವುದಿಲ್ಲ. ಕಲ್ಲಿನ ಕೊಕ್ಕೆ ಕೈಗವಸು ಹರಿಯುತ್ತದೆ. ಗಾಜಿನ ಬಳೆ ಚೂರಾಗಿ ಮಾತ್ರೆಯ ರಾಶಿಗೆ ಬಿದ್ದರೆ ಲೋಹ ಹಿಡಿಯುವ ಯಂತ್ರ ಅದನ್ನು ಹಿಡಿಯುವುದಿಲ್ಲ, ಯಾಕೆಂದರೆ ಗಾಜು ಲೋಹವಲ್ಲ. ತಿರುಗುವ ಯಂತ್ರಕ್ಕೆ ಉಂಗುರವೋ ಸರವೋ ಸಿಕ್ಕಿದರೆ ಏನಾಗುತ್ತದೆ ಅಂತ ಬರೆಯಲು ನನಗೆ ಇಷ್ಟವಿಲ್ಲ. ಬೆರಳು ಊದಿ ಉಂಗುರ ಕತ್ತರಿಸಿಕೊಳ್ಳಲು ನಮ್ಮ ಅಂಗಡಿಗೆ ಓಡಿಬಂದವರನ್ನು ಕಂಡಿದ್ದೇನೆ. ಅವರೆಲ್ಲ ಅದೃಷ್ಟವಂತರ ಪೈಕಿ.

ನಿಯಮ ಒಡವೆಯನ್ನೂ ಕಾಯುತ್ತದೆ. ಬ್ಲೀಚಿನಲ್ಲಿರುವ ಕ್ಲೋರಿನ್ ಬೆಸುಗೆಯ ಜಾಗವನ್ನು ತಿನ್ನುತ್ತದೆ. ಪಾದರಸ ಚಿನ್ನಕ್ಕೆ ತಾಗಿದರೆ ಕೂಡಲೇ ಅಂಟಿಕೊಂಡು ಬೆಳ್ಳಗಾಗುತ್ತದೆ. ಒಂದು ಸಲ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವವರೊಬ್ಬರು ಒಡೆದ ಥರ್ಮಾಮೀಟರ್ ಬಳಿದು ಹಾಕಿ, ಸಂಜೆ "ನನ್ನ ಉಂಗುರ ಬೆಳ್ಳಿಯಾಗೋಯ್ತು, ನೀವು ಮೋಸ ಮಾಡಿದ್ದೀರಾ?" ಅಂತ ಬಂದಿದ್ದರು. ನಾನು ಸುಮ್ನೆ ಬೆಂಕಿ ಹಚ್ಚಲು ಹೋದೆ. ಅಪ್ಪ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಪಾದರಸ ಕಾಯಿಸಿದರೆ ಅದರ ಆವಿ ನೇರ ಎದೆಗೆ ಹೋಗುತ್ತದೆ. ಅದು ನನ್ನದೇ ತಪ್ಪು, ಆಗ ನನಗೆ ಗೊತ್ತಿರಲಿಲ್ಲ.

ತಾಳಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದ ಭಾರವೆಲ್ಲ ಇಲ್ಲೇ ಇದೆ ಅಂತ ನನಗನ್ನಿಸಿತು.

ತಾಳಿ ಬಿಚ್ಚಿದರೆ ಗಂಡನಿಗೆ ಕೆಡುಕು ಅನ್ನುವ ಭಯವನ್ನು ಮೂಢನಂಬಿಕೆ ಅಂತ ನಾನು ತಳ್ಳಿಹಾಕುವುದಿಲ್ಲ. ತಳ್ಳಿದರೆ ಅತ್ತೆಗೆ ನೋವಾಗುತ್ತದೆ, ನಿಮ್ಮ ಕೆಲಸವೂ ಆಗುವುದಿಲ್ಲ. ಆದರೆ ಅವರಿಗೆ ಒಂದು ಮಾತು ನೆನಪಿಸಿ. ತಾಳಿ ಸರದ ಕೊಂಡಿ ಸವೆದಾಗ, ಕರಿಮಣಿ ಪೋಣಿಸಲು ಕೊಟ್ಟಾಗ ಅವರೇನು ಮಾಡುತ್ತಿದ್ದರು? ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕತ್ತಿಗೆ ಹಾಕಿಕೊಂಡು, ಆಮೇಲೆ ಸರ ಬಿಚ್ಚಿ ಅಕ್ಕಸಾಲಿಯ ಕೈಗೆ ಕೊಡುತ್ತಿದ್ದರು. ಈಗಲೂ ನಮ್ಮ ಅಂಗಡಿಯ ಬೆಂಚಿನ ಮೇಲೆ ಹಾಗೆ ಕೂತು ಕಾಯುವ ಹೆಂಗಸರಿದ್ದಾರೆ. ಅಂದರೆ ತಾಳಿ ಬಿಚ್ಚುವ ಹೊತ್ತು ಬರುತ್ತದೆ ಅಂತ ಸಂಪ್ರದಾಯಕ್ಕೇ ಗೊತ್ತಿತ್ತು, ಅದಕ್ಕೊಂದು ದಾರಿಯನ್ನೂ ಮಾಡಿಕೊಂಡಿತ್ತು. ಆಪರೇಷನ್ ಥಿಯೇಟರಿಗೆ ಹೋಗುವ ನರ್ಸು, ಎಂಆರ್‌ಐ ಮಾಡಿಸಿಕೊಳ್ಳುವ ಅಜ್ಜಿ ಎಲ್ಲರೂ ಬಿಚ್ಚಿಯೇ ಬಿಚ್ಚುತ್ತಾರೆ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಈಗ ಮಾಡುತ್ತಿರುವ ಹಾಗೆ ದಿನಾ ಲಾಕರಿನಲ್ಲಿಡುವುದು ಒಂದು. ಊಟಕ್ಕೆ ಹೊರಬಂದಾಗಲೂ ಹಾಕಿ ತೆಗೆದರೆ ದಿನಕ್ಕೆ ನಾಲ್ಕು ಸಲವಾಯಿತು. ಒಡವೆ ಕಳೆಯುವುದು ಮೈಮೇಲಿದ್ದಾಗ ಕಡಿಮೆ, ಕೈಯಲ್ಲಿದ್ದಾಗ ಜಾಸ್ತಿ. ಎಸ್ ಕೊಕ್ಕೆಯನ್ನು ದಿನಾ ಅಗಲಿಸಿ ಒತ್ತಿದರೆ, ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ ಒಂದು ದಿನ ಮುರಿಯುತ್ತದೆ. ಅದೂ ನಂಜನಗೂಡು ಬಸ್ಸಿನ ನೂಕುನುಗ್ಗಲಿನಲ್ಲೇ.

ಗೌನಿನ ಒಳಗೆ ಬಚ್ಚಿಟ್ಟುಕೊಂಡು ಹೋಗುವುದು ಇನ್ನೊಂದು. ಕೆಲವರು ಮಾಡುತ್ತಾರೆ, ನಾನು ಕೇಳಿದ್ದೇನೆ. ದಯವಿಟ್ಟು ಬೇಡ. ಅರಿಶಿನ ದಾರವೂ ಬೇಡ, ಅದರ ಎಳೆ ಉದುರುತ್ತದೆ, ಬಣ್ಣ ಬಿಡುತ್ತದೆ. ಆಡಿಟ್ ದಿನ ಸಿಕ್ಕಿಬಿದ್ದರೆ ಕ್ವಾಲಿಟಿಯವಳೇ ನಿಯಮ ಮುರಿದಳು ಅಂತಾಗುತ್ತದೆ. ಎಲ್ಲಿ ಏನಕ್ಕೆ ಅವಕಾಶ ಇದೆ ಅಂತ ಎಚ್‌ಆರ್ ಹತ್ತಿರ ಬರಹದಲ್ಲೇ ಕೇಳಿ. ಪ್ಲಾಂಟಿನ ಎಲ್ಲ ಕಡೆಗೂ ಒಂದೇ ನಿಯಮ ಇರಬೇಕೆಂದಿಲ್ಲ. ಕಾಲುಂಗುರದ ಬಗ್ಗೆಯೂ ಕೇಳಿ. ಶೂ ಒಳಗಿರುವುದರಿಂದ ಬಿಟ್ಟರೂ ಬಿಡಬಹುದು. ಆದರೆ ಗಟ್ಟಿ ಶೂ ಹಾಕುವವರಿಗೆ ಎತ್ತರದ ಕಾಲುಂಗುರ ಪಕ್ಕದ ಬೆರಳನ್ನು ಕೊರೆಯುತ್ತದೆ, ಚಪ್ಪಟೆಯದೇ ಇರಲಿ.

ನಾನು ನಿಮ್ಮ ಜಾಗದಲ್ಲಿದ್ದರೆ ಪ್ಲಾಂಟಿನ ಮೂರು ದಿನ ತಾಳಿ ಸರವನ್ನು ಮನೆಯ ದೇವರ ಮುಂದೆಯೇ ಇಟ್ಟು ಹೋಗುತ್ತಿದ್ದೆ. ಲಾಕರಿನಲ್ಲಿ ಚಪ್ಪಲಿ ಪಕ್ಕ ಇಡುವುದಕ್ಕಿಂತ ಅದು ಮರ್ಯಾದೆ ಅಂತ ಅತ್ತೆಗೂ ಅನ್ನಿಸಬಹುದು. ಬೆಳಗ್ಗೆ ಅವರ ಕೈಗೇ ಕೊಡಿ, ಸಂಜೆ ಅವರ ಕೈಯಿಂದಲೇ ಇಸ್ಕೊಳ್ಳಿ. ಬಸ್ಸಿನಲ್ಲಿ ಬೋಳು ಕತ್ತು ಬೇಡ ಅಂದರೆ ನೂಲಿನಲ್ಲಿ ಪೋಣಿಸಿದ ಗಿಡ್ಡ ಕರಿಮಣಿ ಸಾಕು. ಅದನ್ನು ಲಾಕರಿನಲ್ಲಿಟ್ಟರೆ, ಕಳೆದರೂ ಎದೆ ಒಡೆಯುವುದಿಲ್ಲ. ಅತ್ತೆ ಒಪ್ಪದೇ ಇರಬಹುದು, ಅದು ನನ್ನ ಕೈಯಲ್ಲಿಲ್ಲ. ಒಪ್ಪಿಸುವ ಕೆಲಸ ನಿಮ್ಮ ಯಜಮಾನರದೂ ಹೌದು, ನಿಮ್ಮೊಬ್ಬರದೇ ಅಲ್ಲ.

ಆಫೀಸಿನ ದಿನಗಳಲ್ಲಿ ಪೂರ್ತಿ ತಾಳಿ ಸರ ಹಾಕಿಕೊಳ್ಳಿ. ಒಂದೇ ಎಚ್ಚರಿಕೆ, ಐಡಿ ಕಾರ್ಡಿನ ಪಟ್ಟಿ. ಅದರ ಕ್ಲಿಪ್ಪು ಸರದ ಜೊತೆ ಸಿಕ್ಕಿಕೊಂಡು, ಕಾರ್ಡು ಎಳೆದಾಗ ಸರವೇ ಕಿತ್ತು ಬಂದದ್ದು ನಮ್ಮಲ್ಲಿಗೆ ರಿಪೇರಿಗೆ ಬರುತ್ತಲೇ ಇರುತ್ತದೆ. ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿ. ಮಾಸ್ಕ್ ತೆಗೆಯುವಾಗಲೂ ಅಷ್ಟೇ, ದಾರ ಓಲೆಗೆ ಸುತ್ತಿಕೊಂಡಿರುತ್ತದೆ. ಕೊರೊನಾ ಕಾಲದಲ್ಲಿ ಒಂಟಿ ಓಲೆ ಹಿಡಿದು ಜೋಡಿ ಮಾಡಿಕೊಡಿ ಅಂತ ಬಂದವರಿಗೆ ಲೆಕ್ಕವಿಲ್ಲ.

ಮೇಲಧಿಕಾರಿಯ ಮಾತು. ಗಾಜಿನ ಬಳೆ ಪ್ರೊಫೆಷನಲ್ ಅಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಅವರ ಮಾತಿನಲ್ಲಿ ಒಂದು ಕಾಳು ನಿಜ ಇರಬಹುದು, ಅದು ಸದ್ದು. ಎರಡು ಡಜನ್ ಬಳೆ ತೊಟ್ಟು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದರೆ ಎದುರಿನವರ ಗಮನ ನಿಮ್ಮ ಮಾತಿನ ಮೇಲಿರುವುದಿಲ್ಲ. ಆನ್‌ಲೈನ್ ಮೀಟಿಂಗಿನಲ್ಲಿ ಇನ್ನೂ ಕಷ್ಟ. ನೇತಾಡುವ ಓಲೆ ಹೆಡ್‌ಸೆಟ್ಟಿಗೆ ಬಡಿಯುವುದು ನಿಮಗಿಂತ ಕೇಳುವವರಿಗೆ ಜೋರಾಗಿರುತ್ತದೆ. ನನಗೂ ಇದರ ಪಾಠ ಆಗಿದೆ. ಅಂಗಡಿಗೆ ಸಾಲ ಕೇಳಲು ಒಂದು ಬ್ಯಾಂಕಿಗೆ ಮೊದಲ ಸಲ ಹೋದಾಗ, ವ್ಯಾಪಾರದವಳು ಕಳೆಯಾಗಿರಬೇಕು ಅಂತ ದೊಡ್ಡ ಜುಮಕಿ, ಕಡಗ ಎಲ್ಲ ಹಾಕಿಕೊಂಡಿದ್ದೆ. ನಾನು ವಹಿವಾಟಿನ ಲೆಕ್ಕ ಹೇಳುತ್ತಿದ್ದರೆ ಎದುರಿನವರು ಜುಮಕಿ ಎಷ್ಟು ಗ್ರಾಂ ಅಂತ ಕೇಳಿದರು. ಮುಂದಿನ ಸಲ ಬೊಟ್ಟಿನ ಓಲೆ ಹಾಕಿಕೊಂಡು ಹೋದೆ. ಸೋತೆ ಅಂತ ಅಲ್ಲ, ನನ್ನ ಲೆಕ್ಕ ಕೇಳಿಸಿಕೊಳ್ಳಲಿ ಅಂತ.

ಬಳೆ ಬೇಕೇ ಬೇಕು ಅಂದರೆ ಕೈಗೆ ಒಂದೊಂದು ಕಡಗ. ಒಂಟಿ ಕಡಗಕ್ಕೆ ಬಡಿಯಲು ಇನ್ನೊಂದು ಬಳೆ ಇರುವುದಿಲ್ಲ. ಗಾಜಿನದೇ ಬೇಕಾದರೆ ಬರೆಯದ ಕೈಗೆ ನಾಲ್ಕು, ಅಳತೆಗೆ ಸರಿಯಾಗಿ ಕೂರುವಂಥವು. ಸಡಿಲ ಬಳೆಯೇ ಸದ್ದು ಮಾಡುವುದು. ಓಲೆ ಒಂದು ಕಿವಿಗೆ ಮೂರು ಗ್ರಾಂ ದಾಟದಿರಲಿ, ಇದು ನನ್ನ ಲೆಕ್ಕ. ವರ್ಷಗಟ್ಟಲೆ ಭಾರ ಹೊತ್ತ ಕಿವಿಯ ತೂತು ಕೆಳಗೆ ಜಾರಿ ಸೀಳುತ್ತದೆ, ಆಮೇಲೆ ಹೊಲಿಗೆ ಹಾಕಿಸಬೇಕಾಗುತ್ತದೆ.

ಈಗ ಅಮ್ಮನ ಜುಮಕಿ. ಕರಗಿಸಿದರೆ ಕಲ್ಲಿನ ತೂಕ ಕಳೆಯುತ್ತಾರೆ, ಒಳಗೆ ಅರಗು ತುಂಬಿದ್ದರೆ ಅದನ್ನೂ ಕಳೆಯುತ್ತಾರೆ. ಹಳೇ ಬೆಸುಗೆ ಜಾಸ್ತಿ ಇದ್ದರೆ ಶುದ್ಧತೆ 916ಕ್ಕಿಂತ ಕೆಳಗೆ ಬರುತ್ತದೆ. ಹೊಸದಕ್ಕೆ ಮತ್ತೆ ಮಜೂರಿ, ವೇಸ್ಟೇಜು, ಮೇಲೆ ಶೇಕಡ 3ರ ಜಿಎಸ್‌ಟಿ. ಕೈಗೆ ಬರುವ ಸಣ್ಣ ಸೆಟ್ ನೋಡಿದರೆ ನಿಮಗೇ ಅಳು ಬರುತ್ತದೆ. ಬದಲಿಗೆ ಜುಮಕಿಯನ್ನು ಹಿಂದೆ ತಿರುಗಿಸಿ ನೋಡಿ. ಹಳೇ ಕೆಲಸದಲ್ಲಿ ಮೇಲಿನ ಓಲೆ ಬೇರೆ, ಕೆಳಗಿನ ಬುಟ್ಟಿ ಬೇರೆ, ನಡುವೆ ಒಂದು ಕೊಂಡಿ ಇರುತ್ತದೆ. ಎಷ್ಟೋ ಸಲ ಅದನ್ನು ಯಾರೋ ಬೆಸೆದುಬಿಟ್ಟಿರುತ್ತಾರೆ, ಅಷ್ಟೇ. ಆ ಬೆಸುಗೆ ಬಿಡಿಸಿ, ಬೇಕಾದಾಗ ತೆಗೆದು ಮತ್ತೆ ಸಿಕ್ಕಿಸುವ ಕೊಕ್ಕೆ ಮಾಡಿಕೊಡಿ ಅಂತ ಅಕ್ಕಸಾಲಿಗೆ ಹೇಳಿ. ಖರ್ಚು ಮಜೂರಿ ಮತ್ತು ಚಿಟಿಕೆ ಚಿನ್ನ. ಮೀಟಿಂಗಿಗೆ ಮೇಲಿನ ಓಲೆ ಮಾತ್ರ, ಮದುವೆಮನೆಗೆ ಬುಟ್ಟಿ ಸಿಕ್ಕಿಸಿದರೆ ಪೂರ್ತಿ ಜುಮಕಿ. ಇದರಲ್ಲೂ ಒಂದು ಅಪಾಯ ಇದೆ. ಕಲ್ಲು ಕೂತ ಹಳೇ ಓಲೆಗೆ ಬೆಂಕಿ ಹತ್ತಿರ ತಂದರೆ ಕಲ್ಲು ಬಿರುಕು ಬಿಡಬಹುದು, ಕುಂದಣ, ಅಂದರೆ ಕಲ್ಲು ಹಿಡಿದಿಡುವ ಚಿನ್ನದ ತೆಳು ತಗಡು, ಸಡಿಲವಾಗಬಹುದು. ಕೆಂಪು ಕಲ್ಲು ಕೂರಿಸುವ ಕೆಲಸ ಮಾಡಿ ಅಭ್ಯಾಸ ಇರುವವರ ಕೈಗೇ ಕೊಡಿ. ಕೊಡುವ ಮೊದಲು ತೂಕ ಹಾಕಿಸಿ, ಕಲ್ಲು ಎಣಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಕಸುಬಿನವರು ಇದಕ್ಕೆ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೆ ಬೇರೆ ಅಂಗಡಿ ನೋಡಿ.

ತಿರುಪು ಕಳೆದ ಓಲೆಯನ್ನೂ ಮೂಲೆಗೆ ಹಾಕಬೇಡಿ. ನಿಮ್ಮ ಕಿವಿಗೆ ಸದ್ಯಕ್ಕೆ ಬೇಕಾಗಿರುವುದು ಅದೇ. ಬರುವಾಗ ಎರಡೂ ಓಲೆ ತನ್ನಿ, ಒಂದನ್ನೇ ತಂದು ತಿರುಪು ಕೊಡಿ ಅಂದರೆ ಅಳತೆ ಕೂರುವುದಿಲ್ಲ. ಉಳಿದ ತಿರುಪಿನ ಹಲ್ಲು ನೋಡಿಕೊಂಡೇ ಹೊಸದಕ್ಕೆ ಹಲ್ಲು ಕೊಯ್ಯಬೇಕು. ಆ ಉಳಿದದ್ದೂ ಸವೆದಿದ್ದರೆ ಜೋಡಿ ಬದಲಾಯಿಸುವುದು ವಾಸಿ, ಇಲ್ಲದಿದ್ದರೆ ಇನ್ನಾರು ತಿಂಗಳಿಗೆ ಅದೂ ಲಾಕರ್ ರೂಮಿನ ನೆಲದ ಪಾಲು. ಅಂಗಡಿಯಲ್ಲಿ ಕೂತರೆ ಅರ್ಧ ಗಂಟೆಯ ಕೆಲಸ. ಕಿವಿ ಒಣಗಿ, ಡಾಕ್ಟರು ಸರಿ ಅಂದ ಮೇಲೆ ಹಾಕಿಕೊಳ್ಳಿ.